ಮೂರು ಮನೆಯ ಒಂದು ಜೀಪು

ಮುಂಡಾಜೆ ಕಡೆ ಹೊಸಬರ ಪರಿಚಯವಾದರೆ ಮನೆ ಎಲ್ಲಿ ಎಂದು ಕೇಳುವುದು ಮೊದಲು, ‘ಮಾರ್ಗದಿಂದ ಎಷ್ಟು ಒಳಗೆ?’ ಎಂದು ಕೇಳುವುದು ಆಮೇಲೆ. ನಿಜವಾದ ಪ್ರಶ್ನೆ ಎರಡನೆಯದೇ. ಮಾರ್ಗ ಎಂದರೆ ಇಲ್ಲಿ ಒಂದೇ: ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಹೋಗುವ ಹೆದ್ದಾರಿ. ಮೊದಲು ಅದರ ನಂಬರು 234 ಇತ್ತು, ಈಗ 73. ನಂಬರು ಬದಲಾಯಿತೆಂದು ನಮ್ಮ ಉತ್ತರವೇನೂ ಬದಲಾಗಲಿಲ್ಲ. ನಾವು ಎರಡೂವರೆ ಕಿಲೊಮೀಟರ್ ಒಳಗಿನವರು.

ನಾವು ಎಂದರೆ ಒಂದು ತೋಡಿನ ಆಚೆ ಇರುವ ಮೂರು ಮನೆಯವರು. ಒಂದು ಮನೆಯಲ್ಲಿ ಚಿತ್ಪಾವನಿ ಮಾತಾಡುತ್ತಾರೆ, ಒಂದರಲ್ಲಿ ತುಳು, ರಬ್ಬರು ಹಾಕಲಿಕ್ಕೆಂದು ಕೇರಳದಿಂದ ಬಂದ ಇನ್ನೊಂದರಲ್ಲಿ ಮಲಯಾಳ. ಮೂರೂ ಮನೆಯವರು ಸೇರಿದರೆ ಮಾತಿಗೆ ತುಳು, ಲೆಕ್ಕ ಬರೆಯಲಿಕ್ಕೆ ಕನ್ನಡ. ಲೆಕ್ಕ ಬರೆಯುವ ಅಗತ್ಯ ಬಿದ್ದದ್ದು 1996ರಲ್ಲಿ, ಮೂರು ಮನೆಯವರು ಸಮಪಾಲು ಹಾಕಿ ಒಂದು ಜೀಪು ತಂದಾಗ.

ಅದು 1981ರಲ್ಲಿ ರಿಜಿಸ್ಟರ್ ಆದ ಪೆಟ್ರೋಲ್ ಜೀಪು. ಘಾಟಿಯ ಮೇಲೆ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದವರದ್ದು. ಖಾಸಗಿ ವಾಹನಕ್ಕೆ ಹದಿನೈದು ವರ್ಷ ತುಂಬಿದರೆ ನೋಂದಣಿ ನವೀಕರಿಸಬೇಕು, ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಅದೇ ಕೆಲಸ. ಅಷ್ಟರಲ್ಲಿ ತೋಟದವರು ಡೀಸೆಲ್ ಜೀಪು ಕೊಂಡಿದ್ದರು, ಹಳೆಯದರ ಹಿಂದೆ ಓಡಾಡುವ ಮನಸ್ಸು ಅವರಿಗಿರಲಿಲ್ಲ. ಹಾಗಾಗಿ ನಮಗೆ ಸಿಕ್ಕಿತು. ಜೊತೆಗೆ ತುಕ್ಕು ಹಿಡಿದ ಒಂದು ಸಣ್ಣ ಟ್ರೈಲರು, ಚಕ್ರಕ್ಕೆ ಕಟ್ಟುವ ಎರಡು ಜೊತೆ ಕಬ್ಬಿಣದ ಸರಪಳಿ. ಜೀಪಿಗಿಂತ ಸರಪಳಿಯೇ ಹೆಚ್ಚು ಬಾಳಿಕೆ ಬಂತು ಎಂದು ಕಕ್ಕಿಂಜೆಯ ನಮ್ಮ ಮೆಕ್ಯಾನಿಕ್ ಕಾಕ ಈಗಲೂ ಹೇಳುತ್ತಾರೆ.

ಜೀಪಿನ ಪುಸ್ತಕ ಎಂದು ಒಂದು ಉದ್ದ ನೋಟುಬುಕ್ಕು ಉಂಟು. ಯಾರು, ಯಾವತ್ತು, ಎಲ್ಲಿಗೆ, ಏನು ಹೇರಿಕೊಂಡು ಹೋದರು, ಡೀಸೆಲ್ ಎಷ್ಟು ಎಂದು ಬರೆಯುವ ಪುಸ್ತಕ. ಈಗ ಅದು ನಾಲ್ಕನೆಯದಕ್ಕೆ ಬಂದಿದೆ. ಮೊದಲನೆಯದನ್ನು ತೆರೆದರೆ ನಮ್ಮ ವರ್ಷ ಹೇಗೆ ತಿರುಗುತ್ತಿತ್ತು ಎಂದು ಕಾಣುತ್ತದೆ. ಮೇ ಕೊನೆಗೆ ಮೈಲುತುತ್ತು, ಸುಣ್ಣ. ಅಡಿಕೆಗೆ ಮದ್ದು ಬಿಡುವ ಕಾಲ ಅದು. ಮಳೆಗಾಲ ಪೂರ್ತಿ ರೇಷನ್ ಅಕ್ಕಿ, ಹಿಂಡಿ, ಗ್ಯಾಸ್ ಸಿಲಿಂಡರು. ದೀಪಾವಳಿ ಕಳೆದ ಮೇಲೆ ಕೆಂಪು ಕಲ್ಲು, ಸಿಮೆಂಟು. ಬೇಸಿಗೆಯಲ್ಲಿ ಸುಲಿದ ಅಡಿಕೆಯ ಗೋಣಿ, ರಬ್ಬರು ಶೀಟು, ಮದುವೆಮನೆಯ ಕೊಪ್ಪರಿಗೆ. ಒಂದು ಸಲ ತುಳು ಮನೆಯವರು ಹರಕೆ ಬಯಲಾಟ ಆಡಿಸಿದಾಗ ‘ಮೇಳದ ಪೆಟ್ಟಿಗೆ, 4 ಟ್ರಿಪ್’ ಎಂದು ಬರೆದದ್ದು ಉಂಟು. ಮೇಳದ ಲಾರಿ ಮಾರ್ಗದ ಬದಿಯಲ್ಲೇ ನಿಂತಿತ್ತು. ವೇಷದ ಪೆಟ್ಟಿಗೆ ಮಾತ್ರವಲ್ಲ, ಕಲಾವಿದರಲ್ಲಿ ಅರ್ಧ ಜನವೂ ನಮ್ಮ ಜೀಪಿನಲ್ಲೇ ಒಳಗೆ ಬಂದರು.

ಲಾರಿ ಮಾರ್ಗದ ಬದಿಯಲ್ಲಿ ನಿಲ್ಲುವುದು ಮೇಳದ್ದಕ್ಕೆ ಮಾತ್ರ ಇದ್ದ ಕಟ್ಟಳೆಯಲ್ಲ. ಕಲ್ಲು ತರುತ್ತಿದ್ದದ್ದು ಮೂತಿ ಮುಂದಿದ್ದ ಹಳೆಯ ಟಾಟಾ ಲಾರಿ. ಅದರ ಡ್ರೈವರು ಸಾಲಾಗಿ ಕಲ್ಲು ಇಳಿಸಿ, ಬೀಡಿ ಹಚ್ಚಿ, ‘ಇಲ್ಲಿಂದ ಮುಂದೆ ನಿಮ್ಮ ಬೊಂಬಾಯಿ’ ಎಂದು ಹೋಗಿಬಿಡುತ್ತಿದ್ದರು. ಟ್ರೈಲರಿಗೆ ಒಂದು ಸಲಕ್ಕೆ ಇಪ್ಪತ್ತೈದು ಕಲ್ಲು. ಒಂದು ಲಾರಿ ಕಲ್ಲು ಒಳಗೆ ಸೇರಬೇಕಾದರೆ ಎರಡು ದಿನ. ನಮ್ಮಲ್ಲೊಬ್ಬ ಆಮೇಲೆ ಎರಡು ವರ್ಷ ಟಾಟಾ 407 ಓಡಿಸಿದ. ಕೋಳಿ ಗೊಬ್ಬರ ಹೇರಿಕೊಂಡು ಘಾಟಿ ಇಳಿದವನು. ಆದರೂ ಅವನ ಪ್ರಕಾರ ಚಾರ್ಮಾಡಿಯ ಹಿಮ್ಮುರಿ ತಿರುವುಗಳಿಗಿಂತ ನಮ್ಮ ತೋಡಿನ ಆಚೆಯ ಚಡಾವೇ ಕಷ್ಟ. ಘಾಟಿಯಲ್ಲಿ ಎದುರಿನವನು ತಪ್ಪು ಮಾಡಬಹುದು ಎಂಬ ಭಯ, ಇಲ್ಲಿ ತಪ್ಪೆಲ್ಲ ನಮ್ಮದೇ.

ಆ ಚಡಾವಿನಲ್ಲೇ ನಾವೆಲ್ಲ ಡ್ರೈವಿಂಗ್ ಕಲಿತೆವು. ಕಲಿಕೆ ಸ್ಟಿಯರಿಂಗಿನಿಂದ ಶುರುವಾಗುತ್ತಿರಲಿಲ್ಲ. ಮೊದಲ ಕೆಲಸ ಕಲ್ಲು ಹಿಡಿದು ಓಡುವುದು. ಹೇರು ತುಂಬಿದ ಟ್ರೈಲರು ಏರು ಹತ್ತುವಾಗ ಇಬ್ಬರು ಮಕ್ಕಳು ಎರಡೂ ಬದಿಯಲ್ಲಿ ಒಂದೊಂದು ಕಾಡುಕಲ್ಲು ಎತ್ತಿಕೊಂಡು ಹಿಂದೆ ಓಡಬೇಕು. ಗಾಡಿ ನಿಂತ ಕ್ಷಣ ಚಕ್ರದ ಹಿಂದೆ ಇಡಬೇಕು, ಹೊರಟ ಕೂಡಲೇ ಎತ್ತಿಕೊಂಡು ಮತ್ತೆ ಓಡಬೇಕು. ಕೈ ಚಕ್ರದ ಅಡಿಗೆ ಹೋಗಬಾರದು, ಕಣ್ಣು ಚಕ್ರದಿಂದ ಸರಿಯಬಾರದು. ಇದರಲ್ಲಿ ಎರಡು ಮಳೆಗಾಲ ಕಳೆದವನಿಗೆ ಎಂಜಿನಿನ ಸ್ವರ ಕೇಳಿಯೇ ಗಾಡಿ ಈಗ ಸೋಲುತ್ತದೆ ಎಂದು ಗೊತ್ತಾಗುತ್ತಿತ್ತು. ಅದು ಬಂದ ಮೇಲೆ ಅಡಿಕೆ ಅಂಗಳದಲ್ಲಿ ಸ್ಟಿಯರಿಂಗ್ ಕೈಗೆ.

ಹೇಳಿಕೊಟ್ಟದ್ದು ಹೆಚ್ಚಾಗಿ ಬೇಡಗಳು. ಹೆಬ್ಬೆರಳನ್ನು ಸ್ಟಿಯರಿಂಗಿನ ಒಳಗೆ ಸುತ್ತಿ ಹಿಡಿಯಬೇಡ. ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟಿಯರಿಂಗ್ ತಾನಾಗಿ ತಿರುಗಿ ಬೆರಳು ಮುರಿಯುತ್ತದೆ. ಏರಿನ ಮಧ್ಯೆ ಗೇರು ಬದಲಿಸಬೇಡ. ಕೆಳಗೇ ಫೋರ್‌ವೀಲ್ ಹಾಕಿ ಒಂದನೇ ಗೇರಿನಲ್ಲಿ ಶುರು ಮಾಡು, ಮೇಲೆ ಮುಟ್ಟಿಯೇ ಬಿಡು. ಕೆಸರಿನಲ್ಲಿ ಚಕ್ರ ಸುತ್ತಲಿಕ್ಕೆ ಶುರುವಾದರೆ ಇನ್ನೂ ಒತ್ತಬೇಡ. ‘ನೀನು ಸುಮ್ಮನೆ ಕೂತುಕೋ ಮಾರಾಯ, ದಾರಿ ಅದಕ್ಕೆ ಗೊತ್ತುಂಟು’ ಎಂದು ದೊಡ್ಡಪ್ಪ ಪಕ್ಕದ ಸೀಟಿನಿಂದ ಹೇಳುತ್ತಿದ್ದರು. ಅದಕ್ಕೆ ಗೊತ್ತಿದ್ದದ್ದು ನಿಜ. ಎರಡು ಗಾಲಿಗಳ ಸಾಲು ಮಣ್ಣಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಸ್ಟಿಯರಿಂಗ್ ಬಿಟ್ಟರೂ ಗಾಡಿ ಹೊರಗೆ ಬರುತ್ತಿರಲಿಲ್ಲ.

ತೋಡು ದಾಟುವುದಕ್ಕೆ ಬೇರೆಯೇ ಪಾಠ. ಪೆಟ್ರೋಲ್ ಎಂಜಿನ್ ಇದ್ದಷ್ಟು ದಿನ ದಡದಲ್ಲಿ ನಿಲ್ಲಿಸಿ ಫ್ಯಾನ್ ಬೆಲ್ಟ್ ಕಳಚುತ್ತಿದ್ದೆವು. ಇಲ್ಲದಿದ್ದರೆ ಫ್ಯಾನು ನೀರನ್ನು ಬಾಚಿ ಎಂಜಿನಿನ ಮೇಲೆ ಎರಚುತ್ತದೆ, ಕರೆಂಟು ಹಂಚುವ ಡಿಸ್ಟ್ರಿಬ್ಯೂಟರು ಒದ್ದೆಯಾಗಿ ಗಾಡಿ ನಡುನೀರಿನಲ್ಲಿ ನಿಂತುಬಿಡುತ್ತದೆ. ಅದಕ್ಕೆ ಸುತ್ತಲಿಕ್ಕೆಂದೇ ಒಂದು ಪ್ಲಾಸ್ಟಿಕ್ ತೊಟ್ಟೆ ಸೀಟಿನ ಅಡಿಯಲ್ಲಿ ಇರುತ್ತಿತ್ತು. ಆಚೆ ದಡ ಹತ್ತಿದ ಮೇಲೆ ನಾಲ್ಕು ಸಲ ಬ್ರೇಕ್ ಒತ್ತಿ ಡ್ರಮ್ಮು ಒಣಗಿಸಿಕೊಳ್ಳಬೇಕು. 1999ರಲ್ಲಿ ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ಕರೆಂಟಿನ ತಲೆಬಿಸಿ ಹೋಯಿತು, ಏರ್ ಹಿಡಿಯುವ ತಲೆಬಿಸಿ ಬಂತು. ಫಿಲ್ಟರಿನ ಮೇಲಿನ ನಟ್ಟು ಸಡಿಲಿಸಿ, ಪಕ್ಕದ ಸಣ್ಣ ಪಂಪನ್ನು ಬೆರಳಿನಲ್ಲಿ ಒತ್ತುತ್ತಾ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕಾಯಬೇಕು. ಮಳೆಯಲ್ಲಿ, ಟಾರ್ಚು ಬಾಯಿಯಲ್ಲಿ ಕಚ್ಚಿಕೊಂಡು. ಇದನ್ನೆಲ್ಲ ನೆನೆದು ಈಗಿನವರು ‘ಎಂಥಾ ಲೈಫು ಮಾರ್ರೆ’ ಎನ್ನುವುದುಂಟು. ಆಗ ನಮಗೆ ಅದು ಲೈಫು ಎಂದು ಕಾಣಲಿಲ್ಲ, ಮನೆಗೆ ಮುಟ್ಟಿದರೆ ಸಾಕಿತ್ತು.

ಪುಸ್ತಕದಲ್ಲಿ ಇನ್ನೊಂದು ಬಗೆಯ ಬರಹವೂ ಉಂಟು. ಪ್ರತಿ ವರ್ಷ ಪತ್ತನಾಜೆಯ ಹಿಂದೆಮುಂದೆ, ಅಂದರೆ ಮೇ ಕೊನೆಯ ವಾರ, ‘ಕಣಿ ಬಿಡಿಸಿದ್ದು, ಆಳು 6’ ಎಂದೋ ‘ಆಳು 9’ ಎಂದೋ ಒಂದು ಸಾಲು. ಕಣಿ ಎಂದರೆ ದಾರಿಯ ಬದಿಯಲ್ಲಿ ನೀರು ಹೋಗುವ ಚರಂಡಿ. ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾವು ಹಾರೆ, ಪಿಕ್ಕಾಸು, ಬುಟ್ಟಿ ತೆಗೆಯುತ್ತಿದ್ದೆವು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಮಣ್ಣಿನ ದಾರಿ ಉಳಿಯುವುದು ಮಣ್ಣಿನಿಂದಲ್ಲ, ಕಣಿಯಿಂದ. ಅದರಲ್ಲಿ ಒಂದು ತರಗೆಲೆಯ ರಾಶಿ ಕೂತರೆ ಸಾಕು, ನೀರು ದಾರಿಗೆ ಹತ್ತುತ್ತದೆ. ಒಂದು ರಾತ್ರಿಯಲ್ಲಿ ಗಾಲಿಯ ಸಾಲು ತೋಡಾಗುತ್ತದೆ. ಜೀಪು ಮನೆ ಮುಟ್ಟಬೇಕು ಎಂಬ ಒಂದೇ ಕಾರಣಕ್ಕೆ ಮೂರು ಮನೆಯವರು ಎರಡೂವರೆ ಕಿಲೊಮೀಟರ್ ಕಣಿಯನ್ನು ಸ್ವಂತ ಅಂಗಳದಂತೆ ನೋಡಿಕೊಂಡರು. ಬರದವರ ಹೆಸರೂ ಪುಸ್ತಕದಲ್ಲಿ ಉಂಟು, ಅದನ್ನು ಇಲ್ಲಿ ಬರೆದರೆ ಜಗಳವಾದೀತು.

ಆ ಪುಸ್ತಕದಲ್ಲಿ ಇಲ್ಲದ್ದೂ ಒಂದು ಉಂಟು. ಕಾಯಿಲೆಗೆ, ಹೆರಿಗೆಗೆ, ಸಾವಿಗೆ ಜೀಪು ಹೋದರೆ ಲೆಕ್ಕ ಬರೆಯಬಾರದು ಎಂದು ಮೊದಲ ದಿನವೇ ತೀರ್ಮಾನವಾಗಿತ್ತು. ಡೀಸೆಲ್ ಯಾರದ್ದು ಎಂದು ಕೇಳಬಾರದು, ಟ್ಯಾಂಕಿಯಲ್ಲಿ ಯಾವಾಗಲೂ ಬೆಳ್ತಂಗಡಿಗೆ ಹೋಗಿ ಬರುವಷ್ಟು ಇರಬೇಕು. ಹಾಗಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಜೀಪು ಎಷ್ಟು ಗೋಣಿ ಅಡಿಕೆ ಹೊತ್ತಿತು ಎಂದು ನಾವು ಹೇಳಬಲ್ಲೆವು, ಎಷ್ಟು ಜನರನ್ನು ಹೊತ್ತಿತು ಎಂದು ಹೇಳಲಿಕ್ಕಾಗುವುದಿಲ್ಲ.

2003ರ ಜುಲೈಯ ಒಂದು ರಾತ್ರಿ ಮಲಯಾಳದ ಮನೆಯ ಅಕ್ಕನಿಗೆ ನೋವು ಶುರುವಾಯಿತು. ದಿನಕ್ಕೆ ಇನ್ನೂ ಎರಡು ವಾರ ಇತ್ತು. ತೋಡಿನಲ್ಲಿ ಸೊಂಟದ ನೀರು. ಆಗ ಸಂಕ ಇದ್ದದ್ದು ಅಡಿಕೆ ಮರದ್ದು, ನಡೆಯುವವರಿಗೆ ಮಾತ್ರ. ಬಾಣಂತಿಯಾಗುವವಳನ್ನು ಆ ಜಾರುವ ಸಂಕದಲ್ಲಿ ನಡೆಸುವ ಧೈರ್ಯ ಯಾರಿಗೂ ಬರಲಿಲ್ಲ. ಸರಪಳಿ ಕಟ್ಟಿದೆವು. ಗಾಡಿ ಹಗುರವಿದ್ದರೆ ನೀರು ಒಯ್ಯುತ್ತದೆಂದು ಹಿಂದೆ ಆರು ಜನ ಗಂಡಸರು ಹತ್ತಿ ನಿಂತರು, ಟ್ರೈಲರಿನ ಹಗ್ಗವನ್ನು ಮುಂದಿನ ಬಂಪರಿಗೆ ಕಟ್ಟಿ ಆಚೆ ದಡದ ಹಲಸಿನ ಮರಕ್ಕೆ ಸುತ್ತಿ ಇಬ್ಬರು ಹಿಡಿದರು. ದೊಡ್ಡಪ್ಪ ಸ್ಟಿಯರಿಂಗಿನಲ್ಲಿ. ನೀರು ಬಾಗಿಲಿಲ್ಲದ ಜೀಪಿನ ಒಳಗೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೋಯಿತು. ಅಕ್ಕ ಕಾಲು ಮೇಲೆ ಇಟ್ಟುಕೊಂಡು ಕೂತಿದ್ದವರು ಒಂದೇ ಒಂದು ಸಲ ‘ನನ್ನ ಚಪ್ಪಲಿ ಹೋಯಿತು’ ಎಂದರು. ಉಜಿರೆ ಮುಟ್ಟಿ ಒಂದು ಗಂಟೆಗೆ ಗಂಡು ಮಗು.

108 ಬಂದದ್ದು 2008ರ ನವೆಂಬರಿನಲ್ಲಿ. ಬಂದದ್ದು ಒಳ್ಳೆಯದೇ, ಅದರಿಂದ ಉಳಿದ ಜೀವಗಳನ್ನು ನಾವೇ ಕಂಡಿದ್ದೇವೆ. ಆದರೆ ಆ ಉದ್ದ ಗಾಡಿಯೂ ಡಾಮರು ಮುಗಿಯುವಲ್ಲಿ ನಿಲ್ಲುತ್ತದೆ. ಹಾಗಾಗಿ ಫೋನಿನಲ್ಲಿ ನಾವು ಹೇಳುತ್ತಿದ್ದದ್ದು ಮನೆಯ ವಿಳಾಸವಲ್ಲ, ಮಾರ್ಗದ ಬದಿಯ ಅಶ್ವತ್ಥಕಟ್ಟೆಯ ವಿಳಾಸ. ಅಲ್ಲಿಯ ತನಕ ಜೀಪು, ಅಲ್ಲಿಂದ 108. ತಿರುಗಿ ಬರುವಾಗಲೂ ಹಾಗೆಯೇ. 2011ರಲ್ಲಿ ಅಜ್ಜಿಯನ್ನು ಮಂಗಳೂರಿನಿಂದ ತಂದ ಆಂಬುಲೆನ್ಸಿನವರು ಕಟ್ಟೆಯ ಬಳಿ ಇಳಿಸಿದರು. ಹಿಂದಿನ ಸೀಟು ಕಳಚಿ, ಅಡಿಕೆ ಗೋಣಿಯ ಮೇಲೆ ಚಾಪೆ ಹಾಸಿ ಮಲಗಿಸಿದೆವು. ಆ ದಿನ ಜೀಪು ಓಡಿಸಿದ ನಮ್ಮ ತಮ್ಮ ಇಡೀ ದಾರಿ ನಡಿಗೆಯ ವೇಗದಲ್ಲಿ ಹೋದ. ಗುಂಡಿಗೆ ಇಳಿಸುವಾಗಲೆಲ್ಲ ‘ಅಜ್ಜೀ, ಇಲ್ಲಿ ಸ್ವಲ್ಪ ಉಂಟು’ ಎಂದು ಹೇಳುತ್ತಿದ್ದ. ಹಿಂದೆ ನಡೆಯುತ್ತಿದ್ದ ನಮಗೆಲ್ಲ ಕೇಳಿಸುತ್ತಿತ್ತು. ಯಾರೂ ಏನೂ ಹೇಳಲಿಲ್ಲ.

ಕಾಂಕ್ರೀಟು ತುಂಡುತುಂಡಾಗಿ ಬಂತು. 2013ರಲ್ಲಿ ಹೆದ್ದಾರಿಯಿಂದ ಒಂಬೈನೂರು ಮೀಟರ್, 2017ರಲ್ಲಿ ಇನ್ನೊಂದು ಆರುನೂರು. ಉಳಿದ ಒಂದು ಕಿಲೊಮೀಟರ್ ಈಗಲೂ ಮಣ್ಣು. ಯಾಕೆ ಹೀಗೆ ಎಂದು ಕೇಳಿದವರಿಗೆ ನಮ್ಮ ಊರುಗಳ ಸ್ವಭಾವ ಹೇಳಬೇಕು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲುಸೀಮೆಯ ಲೆಕ್ಕಕ್ಕೆ ಕನಿಷ್ಠ 500 ಜನರ ಜನವಸತಿ ಬೇಕಿತ್ತು. 500 ಮೀಟರ್ ವ್ಯಾಪ್ತಿಯೊಳಗಿನ ಮನೆಗಳನ್ನು ಒಟ್ಟುಗೂಡಿಸಿ ಎಣಿಸುವ ಕ್ರಮ. ಮನೆಗಳು ಒಂದರ ಗೋಡೆಗೆ ಇನ್ನೊಂದು ತಾಗಿಕೊಂಡಿರುವ ಊರಿಗೆ ಅದು ಸರಿ. ನಮ್ಮಲ್ಲಿ ಪ್ರತಿಯೊಬ್ಬರೂ ಅವರವರ ತೋಟದ ನಡುವೆ ಇರುವವರು. 500 ಮೀಟರಿನಲ್ಲಿ ಮೂರು ಮನೆ ಸಿಕ್ಕಿದರೆ ಹೆಚ್ಚು. ಪಂಚಾಯತಿನ ತುಂಡು ಅನುದಾನವೇ ನಮಗೆ ಗತಿ.

ಕಾಂಕ್ರೀಟು ಬಂದ ದಿನ ನಾವು ಪಾಯಸ ಮಾಡಿದ್ದು ಸುಳ್ಳಲ್ಲ. ಆದರೆ ಗುತ್ತಿಗೆಯವರು ಅಗಲ ತೋರಿಸಬೇಕೆಂದು ಎರಡೂ ಬದಿಯ ಕಣಿಗೆ ಮಣ್ಣು ತುಂಬಿ ಅದರ ಮೇಲೆಯೇ ಹಲಗೆ ಕಟ್ಟಿದರು. ಹೇಳಿದೆವು. ಅಂದಾಜುಪಟ್ಟಿಯಲ್ಲಿ ಚರಂಡಿ ಇಲ್ಲ ಎಂದರು. ನಾವೂ ಎರಡನೇ ಸಲ ಹೇಳಲಿಲ್ಲ. ಯಾಕೆಂದರೆ ಆ ಒಂಬೈನೂರು ಮೀಟರಿನಲ್ಲಿ ಈಗ ಸ್ಕೂಟರು, ಆಟೊ, ಸಣ್ಣ ಕಾರು ಎಲ್ಲವೂ ಬರುತ್ತಿದ್ದವು. ಮಾರ್ಗಕ್ಕೆ ಹತ್ತಿರದವರು ಒಬ್ಬೊಬ್ಬರೇ ಕಾರು ಕೊಂಡರು. ಪುಸ್ತಕದಲ್ಲಿ ‘ಕಣಿ ಬಿಡಿಸಿದ್ದು’ ಎಂಬ ಸಾಲು 2014ರಲ್ಲಿ ‘ಆಳು 4’ ಎಂದು ಉಂಟು, 2015ರಲ್ಲಿ ‘ಆಳು 3’. ಆಮೇಲೆ ಮಣ್ಣಿನ ಭಾಗಕ್ಕೆ ಮಾತ್ರ, ಅದೂ ಒಂದು ವರ್ಷ ಬಿಟ್ಟು ಒಂದು ವರ್ಷ.

2019ರ ಆಗಸ್ಟ್ 9ರಂದು ಏನಾಯಿತು ಎಂದು ಈ ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಗುಡ್ಡ ಜರಿದು ಚಾರ್ಮಾಡಿ ಘಾಟಿ ಬಂದ್ ಆಯಿತು. ಮೃತ್ಯುಂಜಯ ಹೊಳೆ ಮರ, ಮರಳು, ಬಂಡೆಗಳನ್ನು ತೋಟಗಳ ಮೇಲೆ ತಂದು ಹಾಕಿತು. ನೆರಿಯದ ಬಾಂಜಾರುಮಲೆಯಂಥ ಮಲೆಕುಡಿಯರ ಊರು ಸೇತುವೆ ಹೋಗಿ ಹೊರಗಿನ ಸಂಪರ್ಕ ಕಳೆದುಕೊಂಡಿತು. ನಮ್ಮ ತೋಡು ಇವುಗಳ ಮುಂದೆ ಏನೂ ಅಲ್ಲ. ಆದರೆ ಅದಕ್ಕೆ 2012ರಲ್ಲಿ ಕಟ್ಟಿದ್ದ ಮೋರಿಯ ಎರಡೂ ಬದಿಯ ಮಣ್ಣು ಹೋಗಿ, ಮೋರಿ ಮಾತ್ರ ನಡುನೀರಿನಲ್ಲಿ ಕಟ್ಟೆಯಂತೆ ನಿಂತಿತು. ಆಶ್ಚರ್ಯವೆಂದರೆ ಕಾಂಕ್ರೀಟಿನದ್ದು. ಹೋಗಲಿಕ್ಕೆ ಕಣಿಯಿಲ್ಲದ ನೀರು ಕಾಂಕ್ರೀಟಿನ ಅಡಿಗೆ ಹೊಕ್ಕು ಮಣ್ಣನ್ನೆಲ್ಲ ತೊಳೆದುಕೊಂಡು ಹೋಗಿತ್ತು. ಮೇಲೆ ನೋಡಿದರೆ ರಸ್ತೆ ಹಾಗೆಯೇ ಉಂಟು. ಬಗ್ಗಿ ನೋಡಿದರೆ ಇಪ್ಪತ್ತು ಮೀಟರ್ ಉದ್ದಕ್ಕೆ ಕೆಳಗೆ ಟೊಳ್ಳು. ಗೋಡೆಗೆ ಹೊಡೆದ ಹಲಗೆಯ ಹಾಗೆ ತೂಗುತ್ತಿತ್ತು.

ಮಣ್ಣಿನ ಒಂದು ಕಿಲೊಮೀಟರನ್ನು ಒಂಬತ್ತು ಜನ ಎರಡು ದಿನದಲ್ಲಿ ಸರಿ ಮಾಡಿದೆವು. ಕಾಂಕ್ರೀಟಿನದ್ದನ್ನು ನಮ್ಮಿಂದ ಏನೂ ಮಾಡಲಿಕ್ಕಾಗಲಿಲ್ಲ. ಒಡೆಯಲಿಕ್ಕೂ ಇಲ್ಲ, ತುಂಬಲಿಕ್ಕೂ ಇಲ್ಲ. ಕೊನೆಗೆ ಪಕ್ಕದ ಗದ್ದೆಯ ಅಂಚಿನಲ್ಲಿ ಹಳೆಯ ಎತ್ತಿನಗಾಡಿಯ ದಾರಿ ಹುಡುಕಿ, ಪೊದೆ ಸವರಿ, ಸರಪಳಿ ಕಟ್ಟಿದ ಜೀಪು ಇಳಿಸಿದೆವು. ನಾವು ಮಾತ್ರವಲ್ಲ, ಆಚೀಚೆಯ ಹನ್ನೊಂದು ಮನೆಗೆ ಅಕ್ಕಿ, ಸಿಲಿಂಡರು, ಬಿಪಿ ಮಾತ್ರೆ ಅದರಲ್ಲೇ ಹೋಯಿತು. ಕಾರು ಇದ್ದವರ ಕಾರುಗಳು ಶೆಡ್ಡಿನಲ್ಲಿ ನಿಂತಿದ್ದವು. ಆಗಸ್ಟ್ 8ರಿಂದ 21ರ ತನಕ ಪುಸ್ತಕದಲ್ಲಿ ಒಂದೂ ಸಾಲು ಇಲ್ಲ. ಲೆಕ್ಕ ಬರೆಯದ ದಿನಗಳು ಎಂದೇ ಎಲ್ಲರೂ ತಿಳಿದುಕೊಂಡಿದ್ದರು, ಯಾರೂ ಯಾರಿಗೂ ಹೇಳಿರಲಿಲ್ಲ.

ಆ ದಿನಗಳಲ್ಲಿ ಪತ್ರಿಕೆಗೆ ಕಳಿಸಿದ ವರದಿಗಳಲ್ಲಿ ಕುಸಿದ ಸೇತುವೆ, ಬಂದ ಸಚಿವರು, ಘೋಷಣೆಯಾದ ಪರಿಹಾರ ಇವೆಲ್ಲ ಉಂಟು. ಕಣಿಯ ಸುದ್ದಿ ಇಲ್ಲ. ಕಣಿ ಸುದ್ದಿಯಾಗುವುದಿಲ್ಲ. ಹೊಂಡದಲ್ಲಿ ಬಾಳೆಗಿಡ ನೆಟ್ಟರೆ ಫೋಟೊ ಸಹಿತ ಬರುತ್ತದೆ. ಆ ಹೊಂಡ ಬೀಳುವ ಎರಡು ತಿಂಗಳ ಮೊದಲು ಯಾರೂ ಹಾರೆ ಎತ್ತಲಿಲ್ಲ ಎಂಬುದಕ್ಕೆ ಶೀರ್ಷಿಕೆ ಕೊಡುವುದು ಹೇಗೆ?

ಈಗ ಜೀಪಿನ ವಿಷಯ. 2021ರಲ್ಲಿ ನೋಂದಣಿ ನವೀಕರಿಸುವಾಗ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲಿನಿಂದ ಅದು 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಇಂಥ ಲಘು ವಾಹನಗಳಿಗೆ 10,000 ಎಂದು ಮಾಡಿದ್ದಾರೆ. ಹಳೆಯ ಗಾಡಿ ಮಾರ್ಗದಿಂದ ಹೋಗಲಿ ಎಂಬುದು ಉದ್ದೇಶ. ಪೇಟೆಯ ಹೊಗೆಯನ್ನು ನೆನೆದರೆ ತಪ್ಪು ಎನ್ನಲಾಗುವುದಿಲ್ಲ. ನಮ್ಮ ಅವಧಿ 2026ಕ್ಕೆ ಮುಗಿಯುತ್ತದೆ. ಶುಲ್ಕ, ವಿಮೆ, ಅಡಿಯ ಚಾಸಿಗೆ ವೆಲ್ಡಿಂಗ್, ಎದುರಿನ ಎರಡು ಪ್ಲೇಟು ಎಲ್ಲ ಸೇರಿ ಮೂರು ಮನೆಗೂ ಭಾರವೇ.

ಇದರ ನಡುವೆ ಬೆಂಗಳೂರಿನಿಂದ ಒಬ್ಬರು ಬಂದು ನೋಡಿ ಹೋದರು. ಹಳೆಯ ಜೀಪುಗಳನ್ನು ಬಿಚ್ಚಿ, ಬಣ್ಣ ಹೊಡೆದು, ಭಾನುವಾರ ಓಡಿಸುವ ಹವ್ಯಾಸದವರು. ನಾವು ಕೊಂಡ ಬೆಲೆಯ ಐದು ಪಟ್ಟು ಹೇಳಿದರು. ಅವರ ಬಗ್ಗೆ ನಮಗೆ ದೂರಿಲ್ಲ. ಹತ್ತಿರದ ಧರ್ಮಸ್ಥಳದ ಕಾರು ಮ್ಯೂಸಿಯಮ್ಮಿನಲ್ಲಿ ಹೊಳೆಯುವ ಹಳೆಯ ಗಾಡಿಗಳನ್ನು ನಾವೂ ಬಾಯಿ ಬಿಟ್ಟು ನೋಡಿದವರೇ. ಅವರನ್ನು ನಮಗೆ ಗೊತ್ತು ಮಾಡಿಸಿದವನು 2003ರ ಆ ರಾತ್ರಿ ಹುಟ್ಟಿದ ಹುಡುಗ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಜೀಪು ಓಡಿಸಲಿಕ್ಕೆ ಬರುವವರು ಈಗ ಮೂರೇ ಜನ, ಅದರಲ್ಲಿ ಅವನ ಅಪ್ಪನ ಬೆನ್ನು ಹೋಗಿದೆ. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯನ್ನು ಅರುವತ್ತರ ಮೇಲೆ ಎಳೆಯುವುದು ಹೇಗೆ? ಈ ಹಣಕ್ಕೆ ಸ್ವಲ್ಪ ಸೇರಿಸಿದರೆ ಸೆಕೆಂಡ್ ಹ್ಯಾಂಡ್ ಫೋರ್‌ವೀಲ್ ಪಿಕಪ್ ಸಿಗುತ್ತದೆ ಎನ್ನುತ್ತಾನೆ. ಚಿತ್ಪಾವನಿ ಮನೆಯ ಕಾಕಿ ವಾರಕ್ಕೆ ಎರಡು ದಿನ ಡಯಾಲಿಸಿಸ್ಸಿಗೆ ಹೋಗುವವರು. ಅವರು ಒಂದೇ ಪ್ರಶ್ನೆ ಕೇಳಿದರು: ‘ಪಿಕಪ್ಪು ಬರುವ ತನಕ ನಾನು ಯಾವುದರಲ್ಲಿ ಹೋಗುವುದು?’

ಕಳೆದ ತಿಂಗಳು ಮೂರು ಮನೆಯವರು ಸೇರಿದೆವು. ಮಾತು ತುಳುವಿನಲ್ಲಿ ಶುರುವಾಗಿ ಅವರವರ ಭಾಷೆಗೆ ಹೋಯಿತು, ಅಂದರೆ ಜಗಳವಾಯಿತು. ಆಗಿ ಮುಗಿದ ಮೇಲೆ ಪುಸ್ತಕದಲ್ಲಿ ಎರಡು ಸಾಲು ಬರೆದೆವು. ಒಂದು, ಈ ಮಳೆಗಾಲ ಕಳೆಯುವ ತನಕ ಜೀಪು ಕೊಡುವುದಿಲ್ಲ. ನವೀಕರಣದ ಹಣ ಮೂರು ಪಾಲು. ಇನ್ನೊಂದು, ಪತ್ತನಾಜೆಗೆ ಕಣಿ, ಆಳು 9. ಕಾಂಕ್ರೀಟಿನ ಬದಿಯದ್ದೂ ಸೇರಿ, ಕಾರು ಇರುವ ಮನೆಗಳಿಗೂ ಹೇಳಿ ಬರುವುದು. ಹೇಳಿ ಬರುವ ಕೆಲಸ ನಮಗೆ ಬಿದ್ದಿದೆ. ಈವರೆಗೆ ಐದು ಮನೆಗೆ ಹೋದೆವು. ಇಬ್ಬರು ಬರುತ್ತೇವೆ ಎಂದರು, ಒಬ್ಬರು ಆಳು ಕಳಿಸುತ್ತೇನೆ ಎಂದರು, ಇನ್ನಿಬ್ಬರು ಕಾಫಿ ಕೊಟ್ಟರು.